ಗಡಸು ನೀರಿನ ಫಿನೈಲು

ನಮ್ಮ ಕೆಮಿಸ್ಟ್ರಿ ಮೇಡಂ ಅವರ ಬಲಗೈ ಬೆರಳ ತುದಿಗಳಲ್ಲಿ ಚರ್ಮ ಸದಾ ಸುಲಿದಿರುತ್ತಿತ್ತು. ಹತ್ತಿರ ಬಂದರೆ ಫಿನೈಲಿಗೆಂದು ಕರಗಿಸುವ ರಾಳದ ವಾಸನೆ. ಕಂಟೋನ್ಮೆಂಟಿನ ಮನೆಯಲ್ಲಿ ಅವರು ಒಂದು ಕಡೆ ಕೂತದ್ದನ್ನು ನಾನು ಕಂಡೇ ಇಲ್ಲ. ಉಪ್ಪಿಟ್ಟನ್ನೂ ಓಡಾಡುತ್ತಲೇ ತಿನ್ನುವವರು. ನೋಡಿ ನೋಡಿ ನನಗೇ ತಲೆ ತಿರುಗುತ್ತಿತ್ತು.

ನಿವೃತ್ತಿಯಾದ ಮೇಲೆ ಅವರಿಗೆ ಒಂದೇ ಹಟ: ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲೂ ಒಡೆದ ಹಾಲಿನಂತಾಗದ ಫಿನೈಲು ಮಾಡಬೇಕು. ಮಾಡಿಯೇ ಬಿಟ್ಟರು. ಮಾಡಿದವರು ಸುಮ್ಮನಿರಬೇಕಲ್ಲ! ಮೊದಲು ನಮ್ಮೂರು ಕುರುಗೋಡಿಗೆ ಬಂದು ನಮ್ಮ ಮಹಿಳಾ ಸಂಘಕ್ಕೆ ಕಲಿಸಿದರು, ಆಮೇಲೆ ಪೇಟೆಂಟಿಗೆ ಅರ್ಜಿ ಹಾಕಿದರು. ಆ ಫಿನೈಲನ್ನು ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಮಾರಿಯೇ ನಮ್ಮ ಮನೆಗಳ ಒಲೆ ಉರಿಯುತ್ತಿದ್ದದ್ದು.

ಗೊತ್ತಿರುವ ವಸ್ತುಗಳನ್ನು ಬೆರೆಸಿದರೆ ಅದರಲ್ಲಿ ಹೊಸದೇನು ಎಂದು ಪೇಟೆಂಟ್ ಕಚೇರಿ ತಕರಾರು ತೆಗೆಯಿತು. ಮೇಡಂ ಕುದ್ದುಹೋದರು. "ಬೆರೆಸಿದ್ದಲ್ರೀ, ಬೆರೆತ ಮ್ಯಾಲ ಏನಾತು ಅದನ್ನ ನೋಡ್ರಿ! ಸುಣ್ಣ ಅರಿಶಿಣ ಕೂಡಿದ್ರ ಕೆಂಪಾಗಂಗಿಲ್ಲೇನು?"

ಅಷ್ಟರಲ್ಲಿ ಒಂದು ಕಂಪನಿ ಅಳತೆ ಸ್ವಲ್ಪ ಬದಲಿಸಿ ಅದೇ ಫಿನೈಲಿಗೆ ತಾನೂ ಅರ್ಜಿ ಹಾಕಿತು. ಆ ಬದಲಿಸಿದ ಅಳತೆ ಮೇಡಂ ಅರ್ಜಿಯಲ್ಲಿರಲಿಲ್ಲ, ಆದರೆ ಅವರು ಸಂಘಕ್ಕೆ ಕಲಿಸಿದ್ದೂ ನಾವು ಮಾಡುತ್ತಿದ್ದದ್ದೂ ಅದೇ. ಅವರಿಗೆ ಪೇಟೆಂಟ್ ಸಿಕ್ಕರೆ ನಾವು ಬಾಗಿಲು ಮುಚ್ಚಬೇಕು.

ಮೇಡಂ ಪರ ವಕೀಲರು ಅವರ ಮನೆಗೇ ಬಂದು ಹೇಳಿದರು: "ಮೇಡಂ, ಕುರುಗೋಡಾಗ ಮೊದ್ಲ ಕಲಿಸಿದ್ದು ಹೇಳಿದ್ರ ಕಂಪನಿ ಅರ್ಜಿ ಬೀಳ್ತೈತಿ. ಆದ್ರ ನಿಮ್ದೂ ಉಳಿಯಂಗಿಲ್ಲ. ಊರಿಗೆಲ್ಲಾ ತಿಳಿದಿದ್ದಕ್ಕ ಪೇಟೆಂಟ್ ಎಲ್ಲೈತ್ರಿ?"

ಮೇಡಂ ಅಂಗಳದ ತುಂಬ ಓಡಾಡಿದರು. ಹೇಳಿಬಿಡಿ ಎಂದರೆ ನಮ್ಮ ಒಲೆ ಉಳಿಯುತ್ತಿತ್ತು, ಅವರ ಪೇಟೆಂಟ್ ಹೋಗುತ್ತಿತ್ತು. "ನಿಮ್ಮ ಹೆಸರು, ಮೇಡಂ..." ಎಂದೆ.

"ಸುಮ್ನಿರವ್ವಾ!" ಎಂದು ಗದರಿದರು. ಕಣ್ಣು ತುಂಬಿತ್ತು.

ಪೇಟೆಂಟ್ ಕಚೇರಿಯ ವಿಚಾರಣೆ ನಡೆದದ್ದು ಕಂಪ್ಯೂಟರಿನಲ್ಲಿ, ವಿಡಿಯೊ ಕರೆಯಲ್ಲಿ. ಅಧಿಕಾರಿ ಕೂತು ಮಾತಾಡಿ ಎಂದರು. "ಕೂತ್ರ ನನಗ ಮಾತು ಬರಂಗಿಲ್ರಿ" ಎಂದ ಮೇಡಂ ನಿಂತೇ ಹೇಳಿದರು: "ಎರಡೂ ಅರ್ಜಿ ಹಾಕೋಕಿಂತ ಮೊದ್ಲ ಇದನ್ನ ಕುರುಗೋಡಾಗ ಎಲ್ಲಾರ ಮುಂದ ಕಲಿಸೀನಿ. ಇದು ಕಂಪನಿದಲ್ಲ." ಒಂದು ಗುಟುಕು ನೀರು ಕುಡಿದರು. "ನಂದೂ ಅಲ್ಲ."

ಎರಡೂ ಅರ್ಜಿ ಬಿದ್ದವು. ಹೋದ ಬೇಸಿಗೆಯಲ್ಲಿ ಮೇಡಂ ತೀರಿಕೊಂಡರು.

ಮೊನ್ನೆ ಮೋಕ ಎಂಬ ಊರಿನ ಹೆಂಗಸೊಬ್ಬಳು ಅದೇ ಫಿನೈಲು ಮಾಡಿ ನಾವು ಮಾರುವ ಗಿರಣಿಗಳಿಗೇ ಕೊಡಲು ಹೊರಟಿದ್ದಾಳೆಂದು ಕೇಳಿ ನನಗೆ ಮೈಯೆಲ್ಲ ಉರಿಯಿತು. ಜಗಳಕ್ಕೆಂದೇ ಬಸ್ಸು ಹತ್ತಿದೆ. ಹೋಗಿ ನೋಡಿದರೆ, ಆಕೆ ರಾಳ ಕರಗಿಸುವ ಹದ ತಪ್ಪಿ, ಕೆಟ್ಟುಹೋದ ಫಿನೈಲಿನ ಪಾತ್ರೆಯ ಮುಂದೆ ಅಳುತ್ತಾ ನಿಂತಿದ್ದಳು. ನಮ್ಮದು ಎಂದು ಕೂಗಲು ಬಾಯಿ ತೆರೆದರೆ ಮೇಡಂ ಅಂದ "ನಂದೂ ಅಲ್ಲ" ನೆನಪಾಯಿತು. ಹೊಟ್ಟೆ ಉರಿಯುತ್ತಲೇ ಇತ್ತು. ಸೆರಗು ಸಿಕ್ಕಿಸಿ ಹದ ಹೇಳಿಕೊಟ್ಟು ಬಂದೆ.