ಸೈಕಾಲಜಿ ಲ್ಯಾಬಿನ ಖಾಯಂ ಸಬ್ಜೆಕ್ಟ್

ಬೆಳಗಿನ ಆರೂವರೆ. ಚಿತ್ತಾಪುರದ ಕಾಲೇಜೊಂದರ ಸೈಕಾಲಜಿ ಲ್ಯಾಬಿನಲ್ಲಿ ಅಂಬರಾಯ ಕಸ ಗುಡಿಸುತ್ತಲೇ ಗುನುಗುತ್ತಿದ್ದಾರೆ: "ಝುಪ್, ಟೆಗ್, ಮಿಬ್, ಕೊಸ್..." ಇದ್ಯಾವ ಮಂತ್ರವಪ್ಪಾ ಎಂದು ಅವರನ್ನು ಕಾಣಲು ಬಂದ ನಾನು ಕೇಳಿದರೆ ನಗುತ್ತಾರೆ. ನೆನಪಿನ ಶಕ್ತಿ ಅಳೆಯಲು ವಿದ್ಯಾರ್ಥಿಗಳು ಓದಿ ಹೇಳುವ ಹನ್ನೆರಡು ಅರ್ಥವಿಲ್ಲದ ಪದಗಳಿವು. ಲ್ಯಾಬಿನಲ್ಲಿರುವುದು ಒಂದೇ ಕಾರ್ಡು. ಇಪ್ಪತ್ತಾರು ವರ್ಷ ಕೇಳಿ ಕೇಳಿ ಬಾಯಿಗೆ ಅಂಟಿಬಿಟ್ಟಿವೆ.

ದಂಡೋತಿಯಿಂದ ಮೊದಲ ಬಸ್ಸಿಗೆ ಬರುವ ಅಂಬರಾಯ ಇಲ್ಲಿನ ಅಟೆಂಡರ್. ಅಸಲಿ ಕೆಲಸವೇ ಬೇರೆ. ಪ್ರಯೋಗ ಮಾಡಿಸಿಕೊಳ್ಳಲು ಪ್ರತಿ ವಿದ್ಯಾರ್ಥಿಯೂ ಒಬ್ಬರನ್ನು ಕರೆತರಬೇಕು; ಹಾಗೆ ಬಂದವರಿಗೆ ‘ಸಬ್ಜೆಕ್ಟ್’ ಅನ್ನುತ್ತಾರೆ. ಯಾರು ಬರ್ತಾರೆ ಹೇಳಿ! ಎಲ್ಲರೂ ಇವರನ್ನೇ ಕುರ್ಚಿಗೆ ಕೂಡಿಸುತ್ತಾರೆ. ವರ್ಷಕ್ಕೆ ನಲವತ್ತು ಮಂದಿ, ತಲಾ ಎಂಟು ಪ್ರಯೋಗ. ಎಂಟು ಸಾವಿರ ಎಂದೋ ದಾಟಿದೆ. ಎರಡು ಗೆರೆಗಳಲ್ಲಿ ಯಾವುದು ಉದ್ದ ಎಂದು ಕೇಳುವ ಮುಂಚೆಯೇ "ಎರಡೂ ಬರೋಬ್ಬರಿ, ಸಮ ಸಮ ಅವ" ಅನ್ನುತ್ತಾರೆ. ಇವರ ದಿಮಾಗಿಗೆ, ಅಂದರೆ ಬುದ್ಧಿಗೆ, ಊರಲ್ಲಿ ಭಾರಿ ಹೆಸರು.

ಗೇಟಿನ ಬಳಿ ಚಹಾ ಮಾರುವ ಭೀಮಬಾಯಿಯಂತೂ ಆ ಪದಗಳನ್ನು ಮಂತ್ರವೆಂದೇ ನಂಬಿ ಹಾಲು ಕೊಡದ ಎಮ್ಮೆಯ ಕಿವಿಯಲ್ಲಿ ಊದಿದ್ದಾರೆ. ಎಮ್ಮೆ ಹಾಲು ಕೊಟ್ಟೇಬಿಟ್ಟಿದೆ!

"ಯಕ್ಕಾ, ಅವತ್ತೇ ಹಿಂಡಿನೂ ಇಟ್ಟಿಲ್ಲೇನು? ಎರಡೂ ಕೂಡೇ ಮಾಡಿದ್ರ ಯಾವುದ್ರಿಂದ ಆತು ಅಂತ ಹೆಂಗ ಹೇಳ್ತಿ? ನಾಳಿಂದ ಹಿಂಡಿ ಬಂದ್ ಮಾಡಿ ಬರೇ ಮಂತ್ರ ಊದಿ ನೋಡು" ಎಂದರಂತೆ ಅಂಬರಾಯ. ಆ ಪ್ರಯೋಗಕ್ಕೆ ಭೀಮಬಾಯಿ ಇನ್ನೂ ಒಪ್ಪಿಲ್ಲ.

ಈ ವರ್ಷ ಆ ದಿಮಾಗಿನ ಹೆಸರೇ ಮುಳುವಾಯಿತು. ಹೊಸದಾಗಿ ಬಂದ ಅಧ್ಯಾಪಕಿ ಉಮಾದೇವಿ ರೆಕಾರ್ಡ್ ಪುಸ್ತಕ ತೆಗೆದರೆ ಎಲ್ಲರದೂ ಒಂದೇ ಗ್ರಾಫು: ಮೊದಲ ಸಲಕ್ಕೇ ಹನ್ನೆರಡಕ್ಕೆ ಹನ್ನೆರಡು. ಕಲಿಯುತ್ತ ಕಲಿಯುತ್ತ ಏರಬೇಕಾದ ಗೆರೆ ಹಲಗೆಯಂತೆ ಮಲಗಿದೆ.

"ಕಾಕಾರ, ನಿಮಗ ಎಲ್ಲಾ ಬಾಯಿಪಾಠ ಆಗ್ಯಾವ. ಇನ್ನ ಮ್ಯಾಲ ನೀವು ಕುಂದ್ರಬ್ಯಾಡ್ರಿ" ಎಂದುಬಿಟ್ಟರು. "ದಿಮಾಗ್ ಜಾಸ್ತಿ ಇರೋದೂ ಗುನ್ನಾ ಏನ್ರಿ?" ಎಂದು ಅಂಬರಾಯ ಈಗಲೂ ನನ್ನನ್ನೇ ಕೇಳುತ್ತಾರೆ.

ಹೋದ ತಿಂಗಳು ಪ್ರಾಯೋಗಿಕ ಪರೀಕ್ಷೆ. ವಾಡಿಯ ವಿದ್ಯಾರ್ಥಿನಿ ಕರುಣಾಳಿಗೆ ಸಬ್ಜೆಕ್ಟ್ ಆಗಬೇಕಿದ್ದ ಗೆಳತಿಗೆ ರೈಲು ತಪ್ಪಿತು. ಸಬ್ಜೆಕ್ಟ್ ಇಲ್ಲದಿದ್ದರೆ ಸೊನ್ನೆ, ವರ್ಷವೇ ಹೋದಂತೆ. ಹೊರಗಿನಿಂದ ಬಂದ ಪರೀಕ್ಷಕರು ಗಡಿಯಾರ ನೋಡತೊಡಗಿದರು. ಬೇರೆ ದಾರಿಯಿಲ್ಲದೆ ಉಮಾದೇವಿ ಅಂಬರಾಯರನ್ನೇ ಕರೆದರು. ಕರುಣಾ ಮೆಲ್ಲಗೆ ಅಂದಳು: "ಕಾಕಾ, ಮೊದಲ ಸಲ ಬೇಕಂತಲೇ ತಪ್ಪು ಹೇಳ್ರಿ."

"ಸುಳ್ಳು ಡೇಟಾ ನನ್ನ ಕಡಿಂದ ಆಗಂಗಿಲ್ಲವ್ವಾ. ನೀನೇ ಹೊಸಾ ಪದ ಬರಿ. ಅಲ್ಲೀತನಕ ನಾ ಹೊರಗ ನಿಂದರ್ತೀನಿ."

ಕರುಣಾ ಹೊಸ ಹನ್ನೆರಡು ಪದ ಓದಿದಳು. ಅಂಬರಾಯ ತಲೆ ಕೆರೆದುಕೊಂಡರು, ಫ್ಯಾನು ನೋಡಿದರು. ಹೊರಬಂದದ್ದು ಮೂರು, ಅದರಲ್ಲೂ ಒಂದು ಹಳೆಯ ಝುಪ್! ಸರಿಯಾದದ್ದು ಎರಡೇ. ಕ್ಲಾಸು ಗೊಳ್ಳೆಂದಿತು. ಪಾಪ, ಇಪ್ಪತ್ತಾರು ವರ್ಷ ತಲೆಯೆತ್ತಿ ಕೂತವರ ಮುಖ ಸಣ್ಣಗಾಯಿತು. ಆದರೂ ಕುರ್ಚಿ ಬಿಟ್ಟೇಳಲಿಲ್ಲ. ಎರಡನೇ ಸಲ ಐದು, ಮೂರನೇ ಸಲ ಏಳು, ಆರನೇ ಸಲಕ್ಕೆ ಹನ್ನೆರಡೂ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಕರುಣಾ ಪಾಸು.

ಆ ಗ್ರಾಫಿನ ಝೆರಾಕ್ಸನ್ನು ಅಂಬರಾಯ ಅಂಗಿಯ ಜೇಬಿನಿಂದ ತೆಗೆದು ನನ್ನ ಮುಂದೆ ಹರಡುತ್ತಾರೆ. ಬೆರಳು ಆ ಎರಡರ ಚುಕ್ಕೆಯ ಮೇಲಿದೆ.

"ಎಂಟು ಸಾವಿರ ಸಲ ಫುಲ್ ಮಾರ್ಕ್ಸ್ ತೊಗೊಂಡವ ಬಾಯಿಪಾಠ ಮಾಡಿದವ ರೀ. ಮಂದಿ ನಕ್ಕರಲ್ಲ, ಈ ಎರಡು ಮಾರ್ಕ್ಸಿನವ ನೋಡ್ರಿ, ಇವ ಖರೇ ಅಂಬರಾಯ."