ಶಂಕ್ರವ್ವನ ಅಂಗಳ, ಜಗತ್ತಿನ ಆಟಗಾರರು

ಟೆನಿಸ್ಸಿನಲ್ಲಿ ಸಾಂಪ್ರಾಸ್ ದೊಡ್ಡವನೋ ಅಗಾಸಿ ದೊಡ್ಡವನೋ ಎಂದು ದಾಂಡೇಲಿಯ ನಮ್ಮ ಕ್ಲಬ್ಬಿನಲ್ಲಿ ಹತ್ತು ವರ್ಷ ಕಚ್ಚಾಡಿದೆವು. ಚಹಾ ಆರಿತು, ಸ್ನೇಹ ಕೆಟ್ಟಿತು, ಜಗಳ ಮಾತ್ರ ಬಗೆಹರಿಯಲಿಲ್ಲ. ನಮಗೆ ಬಾಯಿ ಇತ್ತು, ಬುದ್ಧಿ ಇರಲಿಲ್ಲ. ಬುದ್ಧಿ ಇದ್ದದ್ದು ಶಂಕ್ರವ್ವನಿಗೆ.

ಶಂಕ್ರವ್ವ ನಮ್ಮ ಟೆನಿಸ್ ಅಂಗಳಕ್ಕೆ ವಾರಕ್ಕೆರಡು ಸಲ ಸಗಣಿ ಸಾರಿಸುವವಳು. ಹದಿನೆಂಟು ವರ್ಷದಿಂದ ಅದೇ ಕೆಲಸ, ಅದೇ ಅನ್ನ. ಸಾರಿಸಿ ಮುಗಿಸಿ, ಕೈ ತೊಳೆದು, ಕಿಟಕಿಯಾಚೆ ನಿಂತು ಟಿವಿ ನೋಡುವಳು. ಚೆಂಡು ಎತ್ತ ಹೋದರೂ ಅವಳಿಗೇನೂ ಇಲ್ಲ. ಅವಳ ಕಣ್ಣೆಲ್ಲ ಆಡುವವರ ಕಾಲಡಿಯ ನೆಲದ ಮೇಲೆ.

ಬೆಕರ್ ವಿಂಬಲ್ಡನ್ ಹುಲ್ಲಿನ ಮೇಲೆ ಜಿಗಿದು ಬಿದ್ದಾಗ, "ಎಮ್ಮಿ ಹೊಂಡದಾಗ ಬಿದ್ದಂಗ ಬೀಳ್ತಾನಲ್ರೀ!" ಎಂದಳು. ನಡಾಲ್ ಪ್ಯಾರಿಸ್ಸಿನ ಮಣ್ಣಿನ ಮೇಲೆ ಸರ್ರನೆ ಜಾರಿದಾಗಲಂತೂ ಎದೆ ಬಡಿದುಕೊಂಡಳು. "ಅಯ್ಯಯ್ಯ, ನೆಲಾ ಕೆತ್ತಿ ಇಟ್ಟ ನೋಡ್ರಿ! ಇವನ ಅವ್ವಗ ಯಾರರ ಹೇಳ್ರಿ!"

"ಹಂಗಾರ ಎಲ್ಲಾರಕಿಂತ ದೊಡ್ಡಾಂವ ಯಾರವಾ?" ಎಂದು ಕೇಳಿದೆ.

"ಫೆಡರರ್ ರೀ. ಕೂಸು ಮಲಗಿದ ಮನಿಯಾಗ ಅಡ್ಡಾಡಿದಂಗ ಅಡ್ಡಾಡ್ತಾನ."

ಇಷ್ಟರಲ್ಲಿ, ಎರಡು ಸಾವಿರದ ಆರರಲ್ಲಿ, ಬಸಲಿಂಗಯ್ಯ ಎಂಬ ಮಹಾಶಯರು ಕ್ಲಬ್ಬಿನ ಕಾರ್ಯದರ್ಶಿಯಾದರು. ಬಂದವರೇ, "ಸಗಣಿ ಹೆಂಡಿ ಮ್ಯಾಲ ಯಾರರ ಟೆನಿಸ್ ಆಡ್ತಾರೇನ್ರಿ? ಸಿಮೆಂಟ್ ಹಾಕಸೂಣು" ಎಂದರು. ಭಾನುವಾರ ಆಡಿ ನೋಡಿ ತೀರ್ಮಾನ ಮಾಡುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು. ಶಂಕ್ರವ್ವನಿಗೆ ಎರಡು ದಿನ ಊಟ ಸೇರಲಿಲ್ಲ. ಸಿಮೆಂಟ್ ಬಂದರೆ ಅವಳಿಗೆ ಅಲ್ಲೇನು ಕೆಲಸ?

ಭಾನುವಾರ ನಸುಕಿನಲ್ಲೇ ಅವಳು ಜೀವ ಕೈಯಲ್ಲಿ ಹಿಡಿದು ಸಾರಿಸಿದಳು. ಒಂದಕ್ಕೆ ಎರಡು ಸಲ ಸಾರಿಸಿದಳು. ಅದೇ ಎಡವಟ್ಟಾಯಿತು. ಡಿಸೆಂಬರಿನ ಮಂಜು ಕವಿದಿತ್ತು, ಬಿಸಿಲಿನ ಸುಳಿವಿರಲಿಲ್ಲ, ಒಂಬತ್ತಾದರೂ ನೆಲ ಹಸಿಹಸಿ. ಬಾಗಿಲಿಗೆ ಹಗ್ಗ ಕಟ್ಟಿ, "ಒಣಗೂತನಕ ಯಾರೂ ಕಾಲಿಡಬ್ಯಾಡ್ರಿ" ಎಂದು ಅಡ್ಡ ನಿಂತಳು.

ಬಸಲಿಂಗಯ್ಯನವರು ಕೇಳುತ್ತಾರೆಯೇ? ಬಿಳಿ ಚಡ್ಡಿ ಏರಿಸಿಕೊಂಡು ಹಗ್ಗ ದಾಟಿಯೇಬಿಟ್ಟರು. ಮೊದಲನೇ ಚೆಂಡಿಗೇ ನಡಾಲನಂತೆ ಕಾಲು ಚಾಚಿದರು. ಕಾಲು ಹೋಯಿತು, ಹಿಂದೆಯೇ ಅವರೂ ಹೋದರು. ಕುಂಡಿಯ ಮೇಲೆ ಜಾರುತ್ತ ಜಾರುತ್ತ ಹೋಗಿ ಬಲೆಯಲ್ಲಿ ಸಿಕ್ಕಿಬಿದ್ದರು. ಚಡ್ಡಿ ಹಚ್ಚಹಸಿರು.

ಮುಗಿಯಿತು ಇವಳ ನೌಕರಿ ಎಂದುಕೊಂಡೆ. ಶಂಕ್ರವ್ವ ಕಿರುಚಿದಳು: "ಏಳಬ್ಯಾಡ್ರೀ! ಎದ್ರ ಮತ್ತ ಹೆಜ್ಜಿ ಮೂಡ್ತಾವು. ಒಣಗೂತನಕ ಅಲ್ಲೇ ಕೂಡ್ರಿ!"

ಕಾರ್ಯದರ್ಶಿಗಳು, ದೇವರಾಣೆ, ಕೂತರು. ಮೊಣಕಾಲು ಮುಟ್ಟಿ ನೋಡಿಕೊಂಡರು, ಸೊಂಟ ಒತ್ತಿ ನೋಡಿಕೊಂಡರು. ಒಂದು ತರಚು ಗಾಯವೂ ಇಲ್ಲ.

"ಶಂಕ್ರವ್ವ, ಇದು ಸಿಮೆಂಟ್ ಇದ್ದಿದ್ರ?"

"ನಿಮ್ಮನ್ನ ಬುಟ್ಟಿಯಾಗ ತುಂಬಿ ಒಯ್ಯಬೇಕಾಗ್ತಿತ್ರಿ."

ಅವರು ಮತ್ತೊಮ್ಮೆ ಸೊಂಟ ಸವರಿಕೊಂಡರು. ಆಮೇಲೆ, "ಸಿಮೆಂಟ್ ಬ್ಯಾಡ ತಗೀರಿ. ಹೆಂಡೀನ ಇರಲಿ, ಶಂಕ್ರವ್ವನೂ ಇರಲಿ" ಎಂದು ಕೂತಲ್ಲಿಂದಲೇ ಕೂಗಿ ಹೇಳಿದರು.

ಶಂಕ್ರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತಳು. ಅವಳನ್ನು ಸಮಾಧಾನ ಮಾಡಲೆಂದು ಬಸಲಿಂಗಯ್ಯನವರು ಪಾಪ ಏಳಹೋದರು.

"ಕೂಡ್ರೀ ಅಂದ್ನೆಲ್ಲ!" ಎಂದು ಅಳುತ್ತಲೇ ಗದರಿಸಿದಳು.

ಕೂತರು.