ಗಣಪನ ಕಿವಿಗೆ ಮೋದಕ

ಮೊಬೈಲಿಗೆ ಇನ್ನೂ ಕ್ಯಾಮೆರಾ ಬಂದಿರದ ಕಾಲವದು. ಹೈದರಾಬಾದಿನಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಕೇಂದ್ರ ಸರ್ಕಾರದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾವಿದ್ದೆವು. ಗಾಳಿ ಔಷಧಿ ಕಾರ್ಖಾನೆಗಳಿದ್ದ ಜೀಡಿಮೆಟ್ಲಾ ಕಡೆಯಿಂದ ಬೀಸಿದರೆ ಇಡೀ ಕಾಲೊನಿ ತೆರೆದಿಟ್ಟ ಔಷಧಿ ಬಾಟಲಿಯಂತೆ ನಾರುತ್ತಿತ್ತು. ಅದಕ್ಕೆಲ್ಲ ನಮ್ಮ ಲಗೋರಿ ನಿಲ್ಲುತ್ತಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೇಲಿನ ಮನೆಯ ಆಯೇಷಾ ಜೊತೆ ಸೇರಿ ಗೋಡೆಪತ್ರಿಕೆಯೊಂದನ್ನು ಶುರುಮಾಡಿದೆ. ಬರೆಯುವವಳು ನಾನು, ಚಿತ್ರ ಬಿಡಿಸುವವಳು ಅವಳು. ಕನ್ನಡ, ತೆಲುಗು, ಹಿಂದಿ ಮೂರೂ ಅದರಲ್ಲಿ ಕಲಸಿಕೊಂಡಿದ್ದವು. ಅಮ್ಮ ಕುದಿಸಿಕೊಟ್ಟ ಮೈದಾ ಅಂಟು ಹಚ್ಚಿ ಹಾಲಿನ ಬೂತಿನ ಪಕ್ಕದ ಹಲಗೆಗೆ ಅಂಟಿಸುತ್ತಿದ್ದೆವು. ಹಾಲಿಗೆ ಬಂದವರು ಓದದೆ ಹೋಗುತ್ತಿರಲಿಲ್ಲ.

ಗಣೇಶನ ಹಬ್ಬ ಬಂತು. ಮಂಟಪದ ಸಮಿತಿಯ ಮುಖ್ಯಸ್ಥರು ಬೀದರಿನ ಶಂಕ್ರಪ್ಪ ಮಾಮಾ. ಅವರಿಗೆ ಹಾಡೆಂದರೆ ಪ್ರಾಣ. ಬೆಳಿಗ್ಗೆಯಿಂದ ಶುರುವಾದ ಮೈಕಿಗೆ ನಮ್ಮ ಕಿಟಕಿ ಗಾಜುಗಳೂ ತಾಳ ಹಾಕುತ್ತಿದ್ದವು. ಪರೀಕ್ಷೆ ಹತ್ತಿರವಿತ್ತು. ಆಯೇಷಾ ಓದಲಾಗದೆ ಒಂದು ಚಿತ್ರ ಬಿಡಿಸಿದಳು: ಗಣಪ ಎರಡೂ ಕಿವಿಗೆ ಮೋದಕ ತುರುಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಾನೆ, ಕೆಳಗೆ ಇಲಿ ಮೈಕಿನ ವೈರ್ ಕಡಿಯುತ್ತಿದೆ. ನಾನು ಹೊಟ್ಟೆ ಹಿಡಿದು ನಕ್ಕು ಅಂಟಿಸಿಯೇ ಬಿಟ್ಟೆ. ಸಹಿ ಹಾಕಿದರೆ ಚಿತ್ರ ಕೆಡುತ್ತದೆಂದು ಅವಳು ಎಂದೂ ಹೆಸರು ಬರೆಯುತ್ತಿರಲಿಲ್ಲ.

ಮಧ್ಯಾಹ್ನದೊಳಗೆ ಗಲಾಟೆಯಾಯಿತು. ದೇವರನ್ನು ಅಪಹಾಸ್ಯ ಮಾಡಿದ್ದಾರೆಂದು ಸಮಿತಿಯವರು ಸಿಟ್ಟಾದರು. ಶಂಕ್ರಪ್ಪ ಮಾಮಾ ಚಿತ್ರವನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು ನೇರ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಚಹಾ ಮುಟ್ಟಲಿಲ್ಲ.

"ಇದನ್ನ ಬಿಡಿಸಿದ್ದು ಯಾರ ಮನಿ ಕೂಸು?" ಎಂದರು.

ಆ ಪ್ರಶ್ನೆ ಯಾಕೆ ಬಂತೆಂದು ನನಗೂ ಗೊತ್ತಿತ್ತು. "ಪತ್ರಿಕೆ ನಂದು ಮಾಮಾ. ಹಾಕಿದಾಕಿ ನಾನು," ಎಂದೆ.

ಯಾರಿಗೂ ಎದುರು ಮಾತಾಡದ ಅಪ್ಪ ಪೇಪರ್ ಮಡಿಸಿಟ್ಟರು. "ಹೆಸರು ಹೇಳೂದಿಲ್ರಿ ಆಕಿ. ಬೈಯೂದಿದ್ರ ನಮಗ ಬೈರಿ."

ಇನ್ನು ಮುಂದೆ ಪ್ರತಿ ಸಂಚಿಕೆಯನ್ನೂ ಮೊದಲು ಸಮಿತಿಗೆ ತೋರಿಸಬೇಕೆಂದು ಹೇಳಿ ಮಾಮಾ ಎದ್ದುಹೋದರು.

ಮೇಲೆ ಹೋದರೆ ಆಯೇಷಾ ಅಳುತ್ತಿದ್ದಳು. ಇನ್ನು ಚಿತ್ರ ಬೇಡವೇ ಬೇಡ ಎಂದು ಅವಳ ಅಮ್ಮಿ ಬಣ್ಣದ ಪೆನ್ನುಗಳನ್ನು ಎತ್ತಿಟ್ಟಿದ್ದರು. ನಾನು ಬೇರೇನಾದರೂ ಹಾಕೋಣವೆಂದೆ. ಅವಳು ಮೂಗು ಒರೆಸಿಕೊಂಡು, "ನಕ್ಕೋ, ಬೇಡ. ಆ ಜಾಗ ಖಾಲಿ ಬಿಡು," ಎಂದಳು.

ಮರುದಿನ ಹಾಗೆಯೇ ಹಾಕಿದೆವು. ದೊಡ್ಡದೊಂದು ಖಾಲಿ ಚೌಕ, ಕೆಳಗೆ ಒಂದೇ ಸಾಲು: "ಇಲ್ಲೊಂದು ಚಿತ್ರವಿತ್ತು."

ಸಂಜೆಗೆ ಹಲಗೆಯ ಮುಂದೆ ಜಾತ್ರೆ. ನೋಡದಿದ್ದವರು ಕೇಳಿದರು, ನೋಡಿದವರು ಹೇಳಿದರು, ನೋಡದವರೇ ಹೆಚ್ಚು ಹೇಳಿದರು. ಇಲಿ ಗಣಪನ ಸೊಂಡಿಲನ್ನೇ ಕಚ್ಚಿತ್ತಂತೆ ಎಂದರು ಒಬ್ಬರು. ಅದು ಇಲಿಯೇ ಅಲ್ಲ, ಬೆಕ್ಕು ಎಂದರು ಇನ್ನೊಬ್ಬರು. ಕೊನೆಗೆ ಗಣಪನಿಗೆ ಶಂಕ್ರಪ್ಪನವರದೇ ಹೊಟ್ಟೆ, ಅವರದೇ ಮೀಸೆ ಇತ್ತೆಂದು ಸುದ್ದಿ ಹಬ್ಬಿತು. ಮಂಟಪದಲ್ಲಿ ಪ್ರಸಾದ ಹಂಚುತ್ತಿದ್ದ ಮಾಮಾನ ಕಿವಿಗೂ ಅದು ಬಿತ್ತು. ಪುಳಿಹೋರದ ಸೌಟು ಹಿಡಿದುಕೊಂಡೇ ಬಂದರು.

"ಮೀಸಿ ಎಲ್ಲಿತ್ತರಿ? ಸುಳ್ಳು ಹೇಳಬ್ಯಾಡ್ರಿ. ಕಿವಿಯಾಗ ಮೋದಕ ಇತ್ತು, ಇಲಿ ವೈರ್ ಕಡಿಯಾಕತ್ತಿತ್ತು, ಅಷ್ಟ."

ಯಾರೂ ನಂಬಲಿಲ್ಲ. ಮಾಮಾ ಸೌಟನ್ನು ನನ್ನ ಕೈಗೆ ಕೊಟ್ಟು ಜೇಬಿನಿಂದ ಚಿತ್ರ ತೆಗೆದರು, ಮಡಿಕೆ ಬಿಡಿಸಿದರು, ಅಂಟು ತರಿಸಿ ಖಾಲಿ ಚೌಕದೊಳಗೆ ತಾವೇ ಅಂಟಿಸಿದರು. ಜನ ಕತ್ತು ಚಾಚಿ ನೋಡಿದರು. ಮೊದಲು ಹಾಲಿನ ಬೂತಿನವನು ನಕ್ಕ. ಆಮೇಲೆ ಎಲ್ಲರೂ. ಕಡೆಗೆ ಮಾಮಾನ ಹೊಟ್ಟೆಯೂ ಕುಲುಕತೊಡಗಿತು.

ಆಗ ಆಯೇಷಾ ಮುಂದೆ ಬಂದಳು. ನಾನು ತಡೆಯಲು ಕೈ ಹಿಡಿದೆ, ಬಿಡಿಸಿಕೊಂಡಳು. "ನಾನು ಬಿಡಿಸಿದ್ದು ಅಂಕಲ್."

ನಗು ನಿಂತಿತು. ಮಾಮಾ ಅವಳನ್ನು ನೋಡಿದರು, ಚಿತ್ರವನ್ನು ನೋಡಿದರು. ಮತ್ತೆ ಚಿತ್ರವನ್ನೇ ನೋಡುತ್ತ ನಿಂತರು.

"ಸೊಂಡಿಲು ಎಡಕ್ಕ ತಿರುಗಬೇಕವ್ವ, ನೀ ಬಲಕ್ಕ ತಿರುಗಿಸೀದಿ. ಮುಂದಿನ ಸಲ ಮಂಟಪಕ್ಕ ಬಂದು ನೋಡಿ ಬಿಡಸು."

"ಮತ್ತೆ ಇಲಿ?" ಎಂದಳು ಆಯೇಷಾ.

"ಇಲಿ ಭಾಳ ಚಂದ ಐತಿ."

ಅವಳ ಅಮ್ಮಿ ಬಣ್ಣದ ಪೆನ್ನುಗಳನ್ನು ಅಂದೇ ಮರಳಿಸಿದರು. ಸಮಿತಿಗೆ ತೋರಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮೈಕಿನ ಸದ್ದೂ ಇಳಿಯಿತು, ಬಹಳವೇನಲ್ಲ, ತುಸು. ನಾವಿಬ್ಬರೂ ಮಂಟಪದ ಕಟ್ಟೆಯ ಮೇಲೆ ಕೂತು ಕಾಗದದಲ್ಲಿ ಪುಳಿಹೋರ ತಿಂದೆವು. ಒಗ್ಗರಣೆಯ ಶೇಂಗಾ ಹುಡುಕಿ ಹುಡುಕಿ ಬೆರಳೆಲ್ಲ ಹಳದಿಯಾಗಿತ್ತು.

ಆಯೇಷಾ ಈಗ ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ. ನಾನು ಅದೇ ಊರಿನ ಎತ್ತರದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಹೋದ ವರ್ಷ ನಮ್ಮ ಕಟ್ಟಡದ ಮೊಬೈಲ್ ಗ್ರೂಪಿಗೆ ಯಾರೋ ದಿನಪತ್ರಿಕೆಯ ಒಂದು ವ್ಯಂಗ್ಯಚಿತ್ರ ಹಾಕಿದರು. ನಾನು ಕೆಲಸ ಮುಗಿಸಿ ನೋಡುವ ಹೊತ್ತಿಗೆ ಅದನ್ನು ಅಳಿಸಲಾಗಿತ್ತು. ಉಳಿದಿದ್ದು ಧರ್ಮದ ಹೆಸರಿನ ಬೈಗುಳಗಳು, ಗ್ರೂಪ್ ಬಿಟ್ಟುಹೋದವರ ಹೆಸರುಗಳು. ಮರುದಿನ, ಗ್ರೂಪಿನಲ್ಲಿ ಹಾಗೆ ಜಗಳವಾಡಿದವರಲ್ಲಿ ಇಬ್ಬರು ಲಿಫ್ಟಿನಲ್ಲಿ ನನ್ನ ಜೊತೆಗಿದ್ದರು. ಇಬ್ಬರೂ ಇಳಿಯುವ ಅಂಕಿಗಳನ್ನೇ ನೋಡುತ್ತಿದ್ದರು. ಆ ಚಿತ್ರದಲ್ಲಿ ಏನಿತ್ತು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲು ತೆರೆಯಿತು, ಒಬ್ಬರು ಎಡಕ್ಕೆ ಹೋದರು, ಇನ್ನೊಬ್ಬರು ಬಲಕ್ಕೆ.